ಒಂದೇ ಸಿಡಿಲು, ಎರಡು ಬದುಕು
(ಮಾಧ್ಯಮಿಕ ತರಗತಿಗಳಿಗಾಗಿ ಪಾತ್ರವಿವೇಚನೆ ಹಾಗೂ ಭಾವಪದಗಳ ಅಭ್ಯಾಸ)

ಉದ್ದೇಶ: ಪಾತ್ರವೊಂದು ಹಾಗೇಕೆ ನಡೆದುಕೊಂಡಿತೆಂಬುದನ್ನು ವಿದ್ಯಾರ್ಥಿಗಳು ಕಥೆಯ ಘಟನೆಗಳ ಆಧಾರದಿಂದಲೇ ವಿವರಿಸುವುದು, ಭಾವಕ್ಕೆ ತಕ್ಕ ಕನ್ನಡ ಪದವನ್ನು ಆರಿಸಿಕೊಳ್ಳುವುದು.

ಪಾಠವಸ್ತು: ಅತಿಮಾನವ ನಾಯಕರ ಚಲನಚಿತ್ರವೆಂದರೆ ಮಕ್ಕಳಿಗೆ ಹಾರಾಟ, ಹೊಡೆದಾಟಗಳೇ ಮೊದಲು ನೆನಪಾಗುತ್ತವೆ. ಬೇಸಿಲ್ ಜೋಸೆಫ್ ನಿರ್ದೇಶಿಸಿದ ಮಲಯಾಳ ಚಿತ್ರ ‘ಮಿನ್ನಲ್ ಮುರಳಿ’ (2021) ಮನುಷ್ಯಸ್ವಭಾವದ ಅಧ್ಯಯನಕ್ಕೂ ಒದಗಿಬರುತ್ತದೆ. ಕೇರಳದ ಒಂದು ಹಳ್ಳಿಯಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದು, ಇಬ್ಬರಿಗೂ ಅಸಾಧಾರಣ ಶಕ್ತಿ ಬರುತ್ತದೆ. ಒಬ್ಬ ದರ್ಜಿ ಜೇಸನ್. ಇನ್ನೊಬ್ಬ ಚಹಾದಂಗಡಿಯ ಕೆಲಸಗಾರ ಶಿಬು. ಜೇಸನ್‌ಗೆ ಪ್ರೇಮಭಂಗವಾಗಿದೆ, ಆದರೂ ಸಾಕಿದ ತಂದೆಯಿದ್ದಾನೆ, ಬೆನ್ನು ಬಿಡದ ಅಕ್ಕನ ಮಗನಿದ್ದಾನೆ. ಶಿಬು ಊರವರ ಬಾಯಲ್ಲಿ ಬರೀ ‘ಹುಚ್ಚ’. ಬಹುಕಾಲದಿಂದ ಪ್ರೀತಿಸಿದ ಉಷಾಳ ಮಗಳ ಚಿಕಿತ್ಸೆಗೆ ಹಣ ಬೇಕೆಂದು ಅವನು ಬ್ಯಾಂಕನ್ನೇ ದೋಚುತ್ತಾನೆ. ಕೊನೆಗೆ ತಾಯಿ-ಮಗಳಿಬ್ಬರನ್ನೂ ಕಳೆದುಕೊಂಡು ಊರಿನ ಮೇಲೆಯೇ ತಿರುಗಿ ಬೀಳುತ್ತಾನೆ.

ಬೋಧನಾಕ್ರಮ: ಚಿತ್ರದಲ್ಲಿ ಹಿಂಸೆಯ ದೃಶ್ಯಗಳಿರುವುದರಿಂದ ಅದನ್ನು ತೋರಿಸುವ ಬದಲು ಕಥೆಯನ್ನು ಹೇಳಿರಿ. ಬಳಿಕ ಕೇಳಿರಿ: ಶಕ್ತಿ ಸಮಾನವಾಗಿದ್ದರೂ ಇಬ್ಬರ ದಾರಿ ಬೇರೆಯಾದುದೇಕೆ? ಶಿಬುವನ್ನು ಹೆಸರು ಹಿಡಿದು ಕರೆಯುವವರು ಊರಲ್ಲಿ ಹೆಚ್ಚಾಗಿದ್ದರೆ ಕಥೆ ಎತ್ತ ಸಾಗುತ್ತಿತ್ತು? ಅವನ ನೋವನ್ನು ಅರಿತ ಮೇಲೂ ಅವನ ಕೃತ್ಯಗಳನ್ನು ಒಪ್ಪಬಹುದೇ? ಕಾರಣವನ್ನು ತಿಳಿಯುವುದು ಬೇರೆ, ತಪ್ಪನ್ನು ಮನ್ನಿಸುವುದು ಬೇರೆ. ಈ ಭೇದ ಮಕ್ಕಳಿಗೆ ಮನದಟ್ಟಾದರೆ ಪಾಠದ ಅರ್ಧ ಕೆಲಸ ಆದಂತೆಯೇ.

ಸ್ಥಳೀಯ ಸಂಬಂಧ: ಸೊಲ್ಲಾಪುರವು ಸಿದ್ಧರಾಮನ ಸೊನ್ನಲಿಗೆ. ಕೆರೆ ಕಟ್ಟಿಸುವುದರಲ್ಲಿ ತೊಡಗಿದ್ದ ಸಿದ್ಧರಾಮನು ಅಲ್ಲಮನ ಚುಚ್ಚುಮಾತಿಗೆ ಕೆರಳಿ ಹಣೆಗಣ್ಣು ತೆರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಶಕ್ತಿಯುಳ್ಳವನ ಸಿಟ್ಟು ಅಲ್ಲಿ ವಿನಾಶದಲ್ಲಿ ಮುಗಿಯದೆ ಅರಿವಿಗೆ ತಿರುಗುತ್ತದೆ. ಕೆರಳಿದವನೊಡನೆ ಮಾತು ಮುಂದುವರಿಸಿದ ಒಬ್ಬ ಅಲ್ಲಮನಿದ್ದನು. ಶಿಬುವಿಗೆ ಅಂಥವನು ಸಿಕ್ಕಿದನೇ ಎಂದು ವಿದ್ಯಾರ್ಥಿಗಳು ಹೋಲಿಸಿ ನೋಡಲಿ.

ಭಾಷಾಭ್ಯಾಸ: ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾರೆ. ಮರಾಠಿಯಲ್ಲಿ ‘ರಾಗ’ವೆಂದರೆ ಸಿಟ್ಟು, ಕನ್ನಡದಲ್ಲಿ ಅದು ಅನುರಾಗ, ಇಲ್ಲವೆ ಸಂಗೀತದ ರಾಗ. ಮರಾಠಿ ಪತ್ರದ ಕೊನೆಯಲ್ಲಿ ಪ್ರೀತಿಯನ್ನು ಸೂಚಿಸುವ ‘ಲೋಭ’ ನಮ್ಮಲ್ಲಿ ದುರಾಸೆಯಾಗುತ್ತದೆ. ಈ ವ್ಯತ್ಯಾಸವನ್ನು ತಪ್ಪೆಂದು ತಿದ್ದದೆ, ಎರಡು ನುಡಿಗಳ ಸಿರಿಯೆಂದು ತೋರಿಸಿರಿ. ಬಳಿಕ ಸಿಟ್ಟು, ಅವಮಾನ, ಅಸೂಯೆ, ಒಂಟಿತನ, ಹತಾಶೆ ಎಂಬ ಪದಗಳನ್ನು ಹಲಗೆಯ ಮೇಲೆ ಬರೆದು, ಶಿಬುವಿನ ಯಾವ ಕೃತ್ಯದ ಹಿಂದೆ ಯಾವ ಭಾವವಿದೆಯೆಂದು ಗುಂಪುಗಳಲ್ಲಿ ಚರ್ಚಿಸಲು ಹೇಳಿರಿ. ಮೊದಲು ಮನೆಮಾತಿನಲ್ಲಿ ಆಡಲಿ, ಆಮೇಲೆ ಗ್ರಾಂಥಿಕ ಕನ್ನಡದಲ್ಲಿ ಬರೆಯಲಿ.

ಮೌಲ್ಯಮಾಪನ: ‘ಶಿಬು ಹುಟ್ಟಿನಿಂದಲೇ ಕೆಟ್ಟವನೇ?’ ಎಂಬುದರ ಕುರಿತು ಹತ್ತು ವಾಕ್ಯ ಬರೆಸಿರಿ. ಹೌದು-ಅಲ್ಲಗಳಿಗೆ ಅಂಕವಿಲ್ಲ, ಕಥೆಯಿಂದ ಕೊಟ್ಟ ಆಧಾರಕ್ಕೆ ಅಂಕ.

ಶಿಕ್ಷಕರಿಗೆ ಸೂಚನೆ: ಅಡ್ಡಹೆಸರಿನಿಂದಲೇ ಕರೆಯಿಸಿಕೊಳ್ಳುವ, ಪಕ್ಕದಲ್ಲಿ ಯಾರೂ ಕೂರದ ಮಗು ನಮ್ಮ ತರಗತಿಯಲ್ಲಿಯೂ ಇರಬಹುದು. ಅದರ ನೋವನ್ನು ಎಲ್ಲರೆದುರು ಹೇಳಿಸಬೇಡಿರಿ. ಕಥೆಯ ಪಾತ್ರದ ಮರೆಯಲ್ಲಿ ಮಾತಾಡುವ ಅವಕಾಶ ಸಿಕ್ಕರೆ ಅದಕ್ಕೆ ಸಾಕು. ಮರುದಿನ ಹಾಜರಿ ಕರೆಯುವಾಗ ಆ ಮಗುವಿನ ಪೂರ್ಣ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿರಿ. ಉಳಿದ ಮಕ್ಕಳು ನಿಮ್ಮಿಂದಲೇ ಅದನ್ನು ಕಲಿಯುತ್ತಾರೆ.