ಬೀಜದಿಂದ ಫಾಕ್ಸ್‌ಗ್ಲವ್: ಬಿತ್ತಿ, ಆದರೆ ಮಣ್ಣು ಮುಚ್ಚಬೇಡಿ

ಫಾಕ್ಸ್‌ಗ್ಲವ್ ಬೀಜ ಮೊಳೆಯಲಿಲ್ಲ ಎಂದು ಗೊಣಗುವವರಲ್ಲಿ ಬಹಳಷ್ಟು ಮಂದಿ ಅದನ್ನು ಹೂತಿರುತ್ತಾರೆ. ರಾಗಿಕಾಳಿನ ಮುಂದೆ ಈ ಬೀಜ ಬರೀ ಧೂಳು. ಒಂದು ಗ್ರಾಂನಲ್ಲಿ ಸಾವಿರಾರು ಇರುತ್ತವೆ. ಬೆಳಕು ಬಿದ್ದರೇ ಇದು ಚೆನ್ನಾಗಿ ಮೊಳೆಯುವುದು.

ಇದು ಪಶ್ಚಿಮ ಯುರೋಪಿನ ಕಾಡಂಚಿನ ಗಿಡ. ಬ್ರಿಟನ್ನಿನಲ್ಲಿ ಮರ ಕಡಿದ ಜಾಗದಲ್ಲಿ, ಬೇಲಿಸಾಲಿನಲ್ಲಿ ತಾನಾಗಿಯೇ ಏಳುತ್ತದೆ. ಮೊದಲ ವರ್ಷ ನೆಲಕ್ಕಂಟಿದ ಎಲೆಗಳಷ್ಟೇ. ಎರಡನೇ ವರ್ಷ ಆಳೆತ್ತರದ ದಂಟು, ಅದರ ತುಂಬ ಗಂಟೆಯಾಕಾರದ ಹೂ. ಬೀಜ ಉದುರಿಸಿದ ಮೇಲೆ ಗಿಡ ಸಾಮಾನ್ಯವಾಗಿ ಸಾಯುತ್ತದೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಮೇ ಕೊನೆಯಿಂದ ಜುಲೈ ಒಳಗೆ ಬಿತ್ತಿದರೆ ಮುಂದಿನ ಜೂನ್ ಹೊತ್ತಿಗೆ ಹೂ ನೋಡಬಹುದು.

ಟ್ರೇಗೆ ಜರಡಿ ಹಿಡಿದ ನುಣುಪಾದ ಕಾಂಪೋಸ್ಟ್ ತುಂಬಿ, ಮಟ್ಟ ಮಾಡಿ, ಬಿತ್ತುವ ಮೊದಲೇ ನೀರುಣಿಸಿ. ಬೀಜಕ್ಕೆ ಒಂದು ಚಮಚ ಒಣ ಮರಳು ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಪ್ಪೆಯಾಗಿ ಬೀಳುವುದಿಲ್ಲ. ಆಮೇಲೆ ಸಣ್ಣ ಹಲಗೆಯಿಂದ ಮೆಲ್ಲಗೆ ಅದುಮಿ, ಅಷ್ಟು ಸಾಕು. ಮೇಲಿಂದ ನೀರು ಹುಯ್ದರೆ ಬೀಜವೆಲ್ಲ ಮೂಲೆಗೆ ಹರಿದುಹೋಗುತ್ತದೆ. ಟ್ರೇಯನ್ನೇ ನೀರಿನ ತಟ್ಟೆಯಲ್ಲಿಟ್ಟು ಅಡಿಯಿಂದ ಹೀರಲು ಬಿಡಿ. ಬೆಳಕಿರಲಿ, ಸುಡುಬಿಸಿಲು ಬೇಡ. 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು-ಮೂರು ವಾರಗಳಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ.

ಮೊದಲ ಜೋಡಿ ಎಲೆಗಳ ನಂತರ ನಿಜವಾದ ಎಲೆಗಳು ಬಂದಾಗ ಸಸಿಗಳನ್ನು ಒಂದೊಂದಾಗಿ ಸಣ್ಣ ಕುಂಡಕ್ಕೆ ಬದಲಿಸಿ. ಹಿಡಿಯುವುದು ಎಲೆಯನ್ನು, ಕಾಂಡವನ್ನಲ್ಲ: ಎಲೆ ಹರಿದರೆ ಇನ್ನೊಂದು ಬಂದೀತು, ಕಾಂಡ ಜಜ್ಜಿದರೆ ಸಸಿ ಉಳಿಯದು. ಶರತ್ಕಾಲದಲ್ಲಿ ನೆಲಕ್ಕೆ ನೆಡುವಾಗ ಒಂದೂವರೆ ಅಡಿ ಅಂತರ ಬಿಡಿ. ಅರೆನೆರಳು, ಎಲೆಗೊಬ್ಬರ ಬೆರೆತ ಮಣ್ಣು ಇದಕ್ಕೆ ಇಷ್ಟ. ನೀರು ನಿಲ್ಲುವ ಜಾಗದಲ್ಲಿ ಚಳಿಗಾಲದಲ್ಲಿ ಬುಡ ಕೊಳೆಯುತ್ತದೆ. ಎಳೆಯ ಸಸಿಯನ್ನು ಬಸವನಹುಳುಗಳಿಂದ ಕಾಯಬೇಕು.

ಬಿಳಿ ಹೂ ಮಾತ್ರ ಬೇಕೆನ್ನುವವರು ಸಸಿಯ ಎಲೆತೊಟ್ಟನ್ನು ನೋಡಿ. ತೊಟ್ಟಿನಲ್ಲಿ, ನಡುನರದಲ್ಲಿ ನೇರಳೆ ಛಾಯೆಯಿದ್ದರೆ ಅದು ನೇರಳೆ ಹೂವಿನ ಗಿಡ. ಅಪ್ಪಟ ಹಸಿರು ತೊಟ್ಟಿನವನ್ನು ಉಳಿಸಿಕೊಳ್ಳಿ.

ಬೆಂಗಳೂರಿನಲ್ಲಿ? ಹಳೆಯ ಮಾದರಿಯ ಗಿಡ ಹೂ ಬಿಡಲು ಚಳಿಗಾಲದ ಕೊರೆಯುವ ಚಳಿ ಬೇಕು, ಅದು ನಮ್ಮಲ್ಲಿಲ್ಲ. ಹಾಗಾಗಿ ‘ಫಾಕ್ಸಿ’, ‘ಕ್ಯಾಮೆಲಾಟ್’, ‘ಡಾಲ್ಮೇಷಿಯನ್’ನಂಥ ಮೊದಲ ವರ್ಷವೇ ಹೂ ಬಿಡುವ ತಳಿಗಳನ್ನು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕುಂಡದಲ್ಲಿ ಬಿತ್ತಿ, ಬೆಳಗಿನ ಬಿಸಿಲಷ್ಟೇ ಬೀಳುವ ಕಡೆ ಇಡಿ. ಹೂವಿಗೆ ಸುಮಾರು ಐದು ತಿಂಗಳು ಬೇಕು. ಕೊಡಗು, ಚಿಕ್ಕಮಗಳೂರಿನ ಎತ್ತರದ ತೋಟಗಳವರಿಗೆ ಇದು ಸುಲಭ. ಬಯಲುಸೀಮೆಯ ಬೇಸಿಗೆಯಲ್ಲಿ ಇದನ್ನು ಬದುಕಿಸುವ ಹಠ ನನ್ನ ಮಟ್ಟಿಗೆ ದಂಡ.

ಎಲೆ, ಹೂ, ಬೀಜ ಎಲ್ಲವೂ ವಿಷ. ಈ ಮಾತು ಬೀಜದ ಪೊಟ್ಟಣದ ಮೇಲೆ ಇಲ್ಲದಿದ್ದರೂ ಮರೆಯಬೇಡಿ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಈ ಗಿಡದ ಔಷಧಗುಣದ ಬಗ್ಗೆ ಪುಸ್ತಕವನ್ನೇ ಬರೆದ. ಹೃದ್ರೋಗಿಗಳ ಡಿಗಾಕ್ಸಿನ್ ಮಾತ್ರೆಯ ಮೂಲ ಇದೇ ಕುಲದ ಇನ್ನೊಂದು ಗಿಡ. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆಯಾದ್ದರಿಂದ ಕಷಾಯ, ಮನೆಮದ್ದು ಎಂದು ಇದರ ತಂಟೆಗೆ ಹೋಗಲೇಬಾರದು. ಕೆಲಸಕ್ಕೆ ಕೈಗವಸು ಹಾಕಿ. ಪುಟ್ಟ ಮಕ್ಕಳು, ದನಕರು ಓಡಾಡುವ ಕಡೆ ನೆಡಬೇಡಿ. ಸೊಪ್ಪಿನ ಮಡಿಯ ಪಕ್ಕವಂತೂ ಬೇಡವೇ ಬೇಡ.

ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಮುಖ್ಯ ದಂಟು ಮುಗಿದೊಡನೆ ಕತ್ತರಿಸಿದರೆ ಪಕ್ಕದಿಂದ ಸಣ್ಣ ದಂಟುಗಳು ಬರುತ್ತವೆ. ಬೀಜಕ್ಕೆಂದು ಒಂದನ್ನು ಬಿಡಿ. ಕೆಳಗಿನ ಕಾಯಿ ಕಂದಾಗಿ ಬಿರಿಯುವ ಹೊತ್ತಿಗೆ ದಂಟನ್ನು ಕಾಗದದ ಚೀಲದೊಳಗೆ ಬಗ್ಗಿಸಿ ಅಲ್ಲಾಡಿಸಿ. ಹೈಬ್ರಿಡ್ ತಳಿಯ ಬೀಜ ತಾಯಿಗಿಡದಂತೆಯೇ ಬರುವುದಿಲ್ಲ. ಎರಡು ವರ್ಷದ ಮಾದರಿಯನ್ನು ಬೆಳೆಯುವವರು ಮುಂದಿನ ವರ್ಷವೂ ಒಂದು ಟ್ರೇ ಬಿತ್ತಬೇಕು, ಇಲ್ಲವಾದರೆ ವರ್ಷ ಬಿಟ್ಟು ವರ್ಷ ಬರೀ ಎಲೆ.