ಶ್ಟೊಲ್ಲೆನ್ ಎಂಬ ರೊಟ್ಟಿಯ ವೃತ್ತಾಂತ

1834ರಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಬೋಧಕರಲ್ಲಿ ಅನೇಕರು ಜರ್ಮನಿಯವರು. ಆ ದೇಶದಲ್ಲಿ ಕ್ರಿಸ್ಮಸ್ ಕಾಲಕ್ಕೆ ಶ್ಟೊಲ್ಲೆನ್ ಎಂಬ ಸಿಹಿರೊಟ್ಟಿಯನ್ನು ಮಾಡುವ ವಾಡಿಕೆಯುಂಟು. ಗೋದಿಹಿಟ್ಟಿಗೆ ಬೆಣ್ಣೆ, ಒಣದ್ರಾಕ್ಷೆ, ಬಾದಾಮಿಗಳನ್ನು ಕೂಡಿಸಿ ಬೇಯಿಸಿ, ಮೇಲೆ ಸಕ್ಕರೆಯ ಪುಡಿಯನ್ನು ಉದುರಿಸುವರು. ಬಿಳುಪಾದ ಆ ರೊಟ್ಟಿಯು ಬಟ್ಟೆಯಲ್ಲಿ ಸುತ್ತಿದ ಶಿಶುವಾದ ಯೇಸುವನ್ನು ಸೂಚಿಸುತ್ತದೆಂದು ಹೇಳುವರು.

ಪೂರ್ವದಲ್ಲಿ ಅದು ಇಷ್ಟು ರುಚಿಕರವಾಗಿರಲಿಲ್ಲ. ಹಬ್ಬಕ್ಕೆ ಮುಂಚಿನ ದಿವಸಗಳು ಉಪವಾಸಕಾಲವಾದದರಿಂದ ಹಾಲು ಬೆಣ್ಣೆಗಳು ನಿಷಿದ್ಧವಾಗಿದ್ದವು. ಹಿಟ್ಟಿಗೆ ಎಣ್ಣೆಯನ್ನೇ ಹಾಕಬೇಕಾಗಿತ್ತು. ಸಾಕ್ಸನಿಯ ಅರಸರು ಬೇಡಿಕೊಳ್ಳಲಾಗಿ, 1491ರಲ್ಲಿ 8ನೆಯ ಇನ್ನೊಸೆಂಟ್ ಪೋಪನು ಬೆಣ್ಣೆಗೆ ಅಪ್ಪಣೆಪತ್ರವನ್ನು ಕೊಟ್ಟನು. ಆದರೆ ಅದಕ್ಕೆ ಪ್ರತಿಯಾಗಿ ಹಣ ಸಲ್ಲಬೇಕಾಗಿತ್ತು! ಇಂಥ ಅಪ್ಪಣೆಗಳನ್ನು ಮಾರುವದನ್ನು ಲೂಥರನು 1520ರಲ್ಲಿ ಬಲವಾಗಿ ಖಂಡಿಸಿದನು. 1730ರಲ್ಲಾದರೋ ಸಾಕ್ಸನಿಯ ಅರಸನಾದ ಆಗಸ್ಟನು ತನ್ನ ವೈಭವವನ್ನು ತೋರಿಸುವದಕ್ಕೆ ಸುಮಾರು 1,800 ಕಿಲೋ ತೂಕದ ಶ್ಟೊಲ್ಲೆನನ್ನು ಮಾಡಿಸಿದನು.

ಇದರಿಂದ ನಾವು ಕಲಿಯತಕ್ಕದ್ದೇನು? ಬೆಣ್ಣೆಯನ್ನು ಬಿಟ್ಟದರಿಂದ ಪುಣ್ಯವಿಲ್ಲ, ತಿಂದದರಿಂದ ಮಹಿಮೆಯೂ ಇಲ್ಲ. ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ದ್ರಾಕ್ಷೆಯೂ ಬಾದಾಮಿಯೂ ದೊರೆಯುತ್ತವೆ, ಶಕ್ತಿಯುಳ್ಳವರು ಕೊಳ್ಳಲಿ. ಆದರೆ ನೆರೆಯವರ ಮುಂದೆ ತಲೆಯೆತ್ತುವದಕ್ಕೋಸ್ಕರ ಸಾಲಮಾಡಿ ಹಬ್ಬ ಮಾಡುವವನು ಹಬ್ಬ ಮುಗಿದ ಮೇಲೆ ಸಾಹುಕಾರನಿಗೆ ದಾಸನಾಗುವನು. ಮನೆಯ ಬೆಲ್ಲದಿಂದ ಮಾಡಿದ ಕಜ್ಜಾಯವನ್ನು ಇಲ್ಲದವರೊಂದಿಗೆ ಹಂಚಿಕೊಂಡು ತಿಂದರೆ ಹಬ್ಬಕ್ಕೆ ಏನೂ ಕೊರತೆಯಾಗದು. 1 ಕೊರಿಂಥ 8:8ನ್ನು ಮನೆಯವರೆಲ್ಲರೂ ಕೂಡಿ ಓದಿರಿ.