ಸಮುದ್ರಕ್ಕೆ ಕುಂಟೆ ಹೊಡೆಯುವವರು: ಮೈನ್‌ಸ್ವೀಪರ್ ಹಡಗಿನ ಒಂದು ವರ್ಷ

ನಮ್ಮ ಮಟಮಾರಿ ಕಡೆ ಯಾರನ್ನಾದರೂ ನಿಲ್ಲಿಸಿ "ಮೈನ್ ಅಂದ್ರೆ ಏನ್ರೀ?" ಅಂತ ಕೇಳಿ ನೋಡಿ. "ಹಟ್ಟಿ ಚಿನ್ನದ ಗಣಿ" ಅಂತಾರೆ. ತಪ್ಪೇನಿಲ್ಲ. ಆದರೆ ಆ ಪದಕ್ಕೆ ಯುದ್ಧದ ಅರ್ಥವೂ ಒಂದಿದೆ. ಹಿಂದೆ ಯುರೋಪಿನಲ್ಲಿ ಕೋಟೆ ಗೋಡೆಯ ಬುಡಕ್ಕೆ ತೋಡುತ್ತಿದ್ದ ಸುರಂಗಕ್ಕೂ ಮೈನ್ ಎಂದೇ ಹೆಸರಿತ್ತು. 1520ರಲ್ಲಿ ಕೃಷ್ಣದೇವರಾಯ ನಮ್ಮ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗಲೂ ಸೈನಿಕರು ಗೋಡೆಯ ಕಲ್ಲುಗಳನ್ನೇ ಕಿತ್ತರು ಎಂದು ಪೋರ್ಚುಗೀಸಿನ ನೂನಿಜ್ ಬರೆದಿದ್ದಾನೆ. ಮುಂದೆ ಸುರಂಗದೊಳಗೆ ಮದ್ದು ತುಂಬುವುದು ಬಂತು, ಮದ್ದಿಗೇ ಮೈನ್ ಎಂಬ ಹೆಸರು ಅಂಟಿತು. ಆಮೇಲೆ ಅದು ಸಮುದ್ರಕ್ಕೂ ಇಳಿಯಿತು.

ಸಮುದ್ರದ ಮೈನ್ ಎಂದರೆ ನೀರಿನಲ್ಲಿ ಅಡಗಿ ಹಡಗಿಗಾಗಿ ಕಾಯುವ ಬಾಂಬು. ಅದನ್ನು ತೆಗೆಯುವ ಹಡಗೇ ಮೈನ್‌ಸ್ವೀಪರ್. ಇಂಥ ಹಡಗಿನಲ್ಲಿ ಒಂದು ವರ್ಷ ಏನೇನು ತರಬೇತಿ, ಏನೇನು ಕೆಲಸ ನಡೆಯುತ್ತದೆ, ಅದರಲ್ಲಿ ನಮ್ಮ ಸಿಲಬಸ್ಸಿನ ಯಾವ ಯಾವ ಪಾಠ ಅಡಗಿದೆ ಅನ್ನುವುದು ಈ ಲೇಖನದ ವಿಷಯ. "ಸಮುದ್ರವೇ ಇಲ್ಲದ ಊರಿನವರಿಗೆ ಇದು ಯಾಕೆ ಬೇಕು?" ಅಂತೀರಾ? ನಮ್ಮ ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಬಹುತೇಕ ಎಲ್ಲವೂ ಹೊರದೇಶದಿಂದ ಹಡಗಿನಲ್ಲೇ ಬರುತ್ತದೆ. ಬಂದರಿನ ಬಾಯಲ್ಲಿ ನಾಲ್ಕು ಮೈನ್ ಬಿದ್ದರೆ ಸಾಕು, ಅದರ ಬಿಸಿ ಮಾನ್ವಿ, ದೇವದುರ್ಗದ ಗದ್ದೆಗೂ ತಟ್ಟುತ್ತದೆ.

ಮೊದಲು ಶತ್ರುವಿನ ಪರಿಚಯ

ಮೈನ್‌ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಒಂದು, ತಾಗಿದರೆ ಸಿಡಿಯುವುದು. ತಳದಲ್ಲೊಂದು ಭಾರ, ಅದರಿಂದ ಮೇಲಕ್ಕೊಂದು ಸರಪಳಿ ಅಥವಾ ತಂತಿ, ಅದರ ತುದಿಗೆ ಕೊಂಬುಗಳಿರುವ ಗುಂಡು. ಹಡಗು ಕೊಂಬಿಗೆ ತಾಗಿತೋ, ಮುಗೀತು. ಹಳೇದು ಅಂತ ಹಗುರಾಗಿ ಕಾಣಬೇಡಿ. 1988ರ ಏಪ್ರಿಲ್ 14ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಯುದ್ಧನೌಕೆಯ ಬೆನ್ನೆಲುಬು ಮುರಿದದ್ದು 1908ರ ವಿನ್ಯಾಸದ ಇಂಥದ್ದೇ ಮೈನ್.

ಎರಡು, ಕಾಂತೀಯ ಮೈನ್. ಇದು ತಳದಲ್ಲಿ ಮಲಗಿರುತ್ತದೆ, ಹಡಗಿನ ಕಬ್ಬಿಣದಿಂದ ಭೂಮಿಯ ಕಾಂತಕ್ಷೇತ್ರ ಬದಲಾಗುವುದನ್ನು ಗ್ರಹಿಸಿ ಸಿಡಿಯುತ್ತದೆ. 1939ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಶೂಬರಿನೆಸ್ ಬಳಿ ಕೆಸರಿಗೆ ಬಿದ್ದ ಜರ್ಮನ್ ಮೈನನ್ನು ಜಾನ್ ಔವ್ರಿ ಎಂಬ ನೌಕಾ ಅಧಿಕಾರಿ ಮತ್ತು ಅವರ ತಂಡ ಕೈಯಾರೆ ಬಿಚ್ಚಿದ ಮೇಲೆಯೇ ಬ್ರಿಟಿಷರಿಗೆ ಅದರ ಗುಟ್ಟು ಪೂರ್ತಿ ತಿಳಿದದ್ದು.

ಮೂರು, ಶಬ್ದದ ಮೈನ್. ಇದು ಎಂಜಿನ್ ಮತ್ತು ಪ್ರೊಪೆಲ್ಲರ್ ಸದ್ದಿಗೆ ಕಿವಿಗೊಟ್ಟು ಕಾಯುತ್ತದೆ.

ನಾಲ್ಕು, ಒತ್ತಡದ ಮೈನ್. ಇದು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಬರ್ನೂಲಿಯೇ. ಹಡಗಿನ ಕೆಳಗೆ ನೀರು ಜೋರಾಗಿ ಹರಿದಾಗ ಒತ್ತಡ ಇಳಿಯುತ್ತದೆ, ಮೈನ್ ಅದನ್ನು ಅಳೆಯುತ್ತದೆ. ಇಂಥ ಒತ್ತಡದ ಇಳಿತವನ್ನು ಬೇರೆ ಉಪಕರಣದಿಂದ ಹುಟ್ಟಿಸುವುದು ಬಲು ಕಷ್ಟ, ಹಾಗಾಗಿ ಇದನ್ನು ಗುಡಿಸಿ ತೆಗೆಯುವುದೂ ಕಷ್ಟ.

ಇವುಗಳಿಗೆ ಲೆಕ್ಕ ಇಡುವ ಬುದ್ಧಿಯೂ ಇರುತ್ತದೆ. 'ಐದು ಹಡಗು ಬಿಡು, ಆರನೆಯದಕ್ಕೆ ಸಿಡಿ' ಅಂತ ಹೊಂದಿಸಬಹುದು. ಅಂದರೆ ಐದು ಹಡಗು ಸುರಕ್ಷಿತವಾಗಿ ಹೋದವು ಅನ್ನುವುದು ಆರನೆಯದಕ್ಕೆ ಗ್ಯಾರಂಟಿ ಅಲ್ಲ.

ಕಾರವಾರ ಎಂಬ ಹಡಗು

ನಮ್ಮ ನೌಕಾಪಡೆ ಮೈನ್‌ಸ್ವೀಪರ್‌ಗಳಿಗೆ ಕರಾವಳಿಯ ಊರುಗಳ ಹೆಸರಿಡುತ್ತಿತ್ತು. 1956ರಲ್ಲಿ ಬ್ರಿಟನ್ನಿನಿಂದ ಬಂದ ಮೊದಲ ಐಎನ್‌ಎಸ್ ಕಾರವಾರದ ಮೈ ಮರದ್ದು, ಚೌಕಟ್ಟು ಅಲ್ಯೂಮಿನಿಯಂನದ್ದು. ಎರಡಕ್ಕೂ ಕಾಂತದ ಗೊಡವೆ ಇಲ್ಲ. ಆಮೇಲೆ ಭಟ್ಕಳ, ಮಲ್ಪೆ, ಮೂಲ್ಕಿ ಹೆಸರಿನ ಚಿಕ್ಕ ಮೈನ್‌ಸ್ವೀಪರ್‌ಗಳೂ ಬಂದವು.

ಎರಡನೆಯ ಐಎನ್‌ಎಸ್ ಕಾರವಾರ 1986ರ ಜುಲೈ 14ರಂದು ಆಗ ಸೋವಿಯತ್ ಒಕ್ಕೂಟದಲ್ಲಿದ್ದ ರೀಗಾ ಬಂದರಿನಲ್ಲಿ ಸೇವೆಗೆ ಸೇರಿತು. ಉದ್ದ ಸುಮಾರು 61 ಮೀಟರ್, ತೂಕ 800 ಟನ್ ಆಸುಪಾಸು, ವೇಗ 16 ನಾಟ್. 2013ರವರೆಗೆ ವಿಶಾಖಪಟ್ಟಣ, ಆಮೇಲೆ ಮುಂಬೈ ಅದರ ನೆಲೆ. 2017ರ ಮೇ 9ರಂದು ಐಎನ್‌ಎಸ್ ಕಾಕಿನಾಡದ ಜೊತೆ ನಿವೃತ್ತಿಯಾಯಿತು. ಈ ಬಗೆಯ ಹಡಗಿನ ವರ್ಷ ಹ್ಯಾಂಗಿರುತ್ತದೆ ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ತಿಂಗಳುಗಳು: ಬಂದರಿನಲ್ಲೇ ಪಾಠ

ನಾವಿಕರು ಒಡಿಶಾದ ಚಿಲ್ಕಾದಲ್ಲಿ ಮೊದಲ ತರಬೇತಿ ಮುಗಿಸುತ್ತಾರೆ. ಎಲೆಕ್ಟ್ರಿಕಲ್‌ನವರು ಜಾಮ್‌ನಗರದ ವಲ್ಸುರಾದಲ್ಲಿ, ಎಂಜಿನ್ ವಿಭಾಗದವರು ಲೋಣಾವಳದ ಶಿವಾಜಿಯಲ್ಲಿ ಕಲಿಯುತ್ತಾರೆ. ಆದರೆ ಹಡಗು ಹತ್ತಿದ ದಿನ ಎಲ್ಲರೂ ಮತ್ತೆ ಫಸ್ಟ್ ಸೆಮ್ಮೇ. ಬೆಂಕಿ ಆರಿಸುವುದು, ಒಡಕಿನಿಂದ ನುಗ್ಗುವ ನೀರು ತಡೆಯುವುದು, ಕರೆಂಟ್ ಹೋದರೆ ಕತ್ತಲಲ್ಲೇ ವಾಲ್ವ್ ಹುಡುಕುವುದು, ಎಲ್ಲವನ್ನೂ ಹಡಗು ಕಟ್ಟೆಗೆ ಕಟ್ಟಿದ್ದಾಗಲೇ ರೂಢಿ ಮಾಡುತ್ತಾರೆ. ಮೈನ್‌ಸ್ವೀಪರ್‌ನಲ್ಲಿ ಇದಕ್ಕೆ ತೂಕ ಹೆಚ್ಚು, ಯಾಕೆಂದರೆ ಬೇರೆ ಹಡಗು ದೂರ ಸರಿಯುವ ಜಾಗಕ್ಕೆ ಇದು ಬೇಕೆಂದೇ ಹೋಗುತ್ತದೆ.

ಇನ್ನೊಂದು ಪಾಠ ಕಬ್ಬಿಣದ ಶಿಸ್ತು. ಸ್ಪ್ಯಾನರ್, ಪೆಟ್ಟಿಗೆ, ಬಿಡಿಭಾಗ ಯಾವುದೇ ಇರಲಿ, ಅದಕ್ಕೊಂದು ಜಾಗ, ಅಲ್ಲೇ ಇರಬೇಕು. ಕಬ್ಬಿಣದ ಸಾಮಾನು ಜಾಗ ಬದಲಿಸಿದರೆ ಹಡಗಿನ ಕಾಂತೀಯ ಗುರುತೂ ಬದಲಾಗುತ್ತದೆ.

ಆಮೇಲೆ: ಹಡಗನ್ನೇ ಅಳೆಯುವುದು

ಉಕ್ಕಿನ ಹಡಗಿಗೆ ಎರಡು ಬಗೆಯ ಕಾಂತೀಯತೆ. ಕಟ್ಟುವಾಗಲೇ ಅಂಟಿದ್ದು ಒಂದು. ಭೂಮಿಯ ಕ್ಷೇತ್ರದಿಂದ ಆಗಿಂದಾಗ ಹುಟ್ಟುವುದು ಇನ್ನೊಂದು, ಹಡಗು ಉತ್ತರದಿಂದ ಪೂರ್ವಕ್ಕೆ ತಿರುಗಿದರೆ ಇದೂ ಬದಲಾಗುತ್ತದೆ. ಇದನ್ನು ಅಳಿಸಲು ಹಡಗಿನೊಳಗೆ ಮೂರು ದಿಕ್ಕಿಗೆ ತಂತಿಯ ಸುರುಳಿಗಳಿರುತ್ತವೆ. ಅವುಗಳಲ್ಲಿ ಲೆಕ್ಕ ಹಾಕಿ ಕರೆಂಟ್ ಹರಿಸಿ ಎದುರು ಕ್ಷೇತ್ರ ಹುಟ್ಟಿಸುತ್ತಾರೆ. ಇದಕ್ಕೆ ಡಿಗಾಸಿಂಗ್ ಎನ್ನುತ್ತಾರೆ. ತಳದಲ್ಲಿ ಸೆನ್ಸರ್ ಇರುವ ಜಾಗದ ಮೇಲೆ ಹಡಗು ಬೇರೆ ಬೇರೆ ದಿಕ್ಕಿಗೆ ಹಾದು, ಒಂದೊಂದು ಸುರುಳಿಯ ಕರೆಂಟನ್ನೂ ಹೊಂದಿಸಿಕೊಳ್ಳಬೇಕು. ಇದು ಒಂದು ಸಲ ಮಾಡಿ ಮರೆಯುವ ಕೆಲಸವಲ್ಲ. ದೊಡ್ಡ ರಿಪೇರಿ ಆದರೆ ಮತ್ತೆ ಅಳೆಯಲೇಬೇಕು.

ಕಾಂತ ದ್ವಿಧ್ರುವದ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ ಅನ್ನುವುದು ನೆನಪಿದೆಯಲ್ಲ? ಆಳ 10 ಮೀಟರ್ ಇದ್ದದ್ದು 20 ಆದರೆ ಕ್ಷೇತ್ರ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಬಂದರಿನ ಬಾಯಂಥ ಕಡಿಮೆ ಆಳದ ನೀರು ಮೈನ್‌ಗೆ ಹಬ್ಬ, ಹಡಗಿಗೆ ಕುತ್ತು.

ಮುಂದೆ: ಕುಂಟೆ ಹೊಡೆಯುವುದು

ಎರೆ ಹೊಲದಲ್ಲಿ ಹತ್ತಿ ಸಾಲಿನ ನಡುವೆ ಎಡೆ ಹೊಡೆಯುವುದನ್ನು ನೋಡಿದವರಿಗೆ ಸ್ವೀಪಿಂಗ್ ಬಿಡಿಸಿ ಹೇಳಬೇಕಿಲ್ಲ. ಕುಂಟೆಯ ಕುಡ ಮಣ್ಣಿನೊಳಗೇ ಸಾಗಿ ಕಳೆಯ ಬೇರು ಕತ್ತರಿಸುತ್ತದೆ, ಕಳೆ ಮೇಲೆ ಬರುತ್ತದೆ. ಸಮುದ್ರದಲ್ಲೂ ಹಂಗೇ. ಹಡಗಿನ ಹಿಂಬದಿಯಿಂದ ಉದ್ದನೆಯ ತಂತಿ ಬಿಡುತ್ತಾರೆ. ಅದನ್ನು ಆಳದಲ್ಲಿ ಒತ್ತಿ ಹಿಡಿಯಲು ಒಂದು ಹಲಗೆ, ಪಕ್ಕಕ್ಕೆ ಎಳೆದು ಹರಡಲು ಇನ್ನೊಂದು ಹಲಗೆ, ತುದಿ ಎಲ್ಲಿದೆ ಎಂದು ತೋರಿಸಲು ಮೇಲೆ ತೇಲುವ ಬುರುಡೆ. ತಂತಿಯುದ್ದಕ್ಕೂ ಕತ್ತರಿಗಳು. ಮೈನಿನ ಸರಪಳಿ ಸಿಕ್ಕಿದರೆ ತುಂಡಾಗಿ ಗುಂಡು ಮೇಲೆ ತೇಲುತ್ತದೆ, ದೂರದಿಂದ ಗನ್ ಹೊಡೆದು ಅದನ್ನು ನಾಶ ಮಾಡುತ್ತಾರೆ. ಕಾಂತೀಯ ಮೈನಿಗೆ ಬೇರೆ ಕುಂಟೆ: ಹಿಂದೆ ಎಳೆಯುವ ಕೇಬಲ್ಲಿನಲ್ಲಿ ಜೋರು ಕರೆಂಟಿನ ಮಿಡಿತ ಹರಿಸಿ, ದೊಡ್ಡ ಹಡಗೇ ಬಂತು ಎಂದು ನಂಬಿಸುವುದು. ಶಬ್ದದ ಮೈನಿಗೆ ಸದ್ದು ಮಾಡುವ ಯಂತ್ರ ಎಳೆಯುವುದು.

ಹೇಳಿದಷ್ಟು ಸುಲಭವಲ್ಲ. ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 8 ನಾಟ್‌ನಿಂದ 10ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ. 25, ತಂತಿಯ ಮೇಲಿನ ಎಳೆತ ಹೆಚ್ಚಿದ್ದು ಶೇ. 56. ಬಿಗಿದ ತಂತಿ ಹರಿದರೆ ಡೆಕ್ ಮೇಲೆ ಚಾಟಿಯಂತೆ ಬೀಸುತ್ತದೆ. ಅದಕ್ಕೇ ವಿಂಚಿನ ಹತ್ತಿರ ಯಾರು ಎಲ್ಲಿ ನಿಲ್ಲಬೇಕು, ಯಾರ ಕೈಸನ್ನೆಗೆ ವಿಂಚ್ ನಿಲ್ಲಬೇಕು ಅನ್ನುವುದನ್ನು ಹಗಲು, ರಾತ್ರಿ, ಮಳೆಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ತಂತಿ ಬಿಡುವುದಕ್ಕಿಂತ ವಾಪಸ್ ಎಳೆದುಕೊಳ್ಳುವಾಗ ಎಚ್ಚರ ಹೆಚ್ಚು ಬೇಕು, ಅದರಲ್ಲಿ ಏನು ಸಿಕ್ಕಿದೆಯೋ ಗೊತ್ತಿರುವುದಿಲ್ಲ.

ಆಮೇಲೆ ಸಿಡಿಮದ್ದಿಲ್ಲದ ಅಭ್ಯಾಸದ ಮೈನ್ ಹಾಕಿ ಪರೀಕ್ಷೆ. ಹತ್ತು ಹಾಕಿ ಎಂಟು ಸಿಕ್ಕರೆ ನಮ್ಮ ಕಾಲೇಜಿನಲ್ಲಿ ಡಿಸ್ಟಿಂಕ್ಷನ್. ಅಲ್ಲಿ ಅದು ಫೇಲ್, ಉಳಿದ ಎರಡರಲ್ಲಿ ಒಂದೇ ಸಾಕು.

ಸ್ವಲ್ಪ ಲೆಕ್ಕ

ಒಂದು ಬಂದರಿನ ದಾರಿ 1 ಕಿ.ಮೀ. ಅಗಲ, 20 ಕಿ.ಮೀ. ಉದ್ದ ಎಂದುಕೊಳ್ಳಿ. ಕುಂಟೆಯ ಅಗಲ 100 ಮೀಟರ್ ಆದರೆ ಹತ್ತು ಸಾಲು. ಲೆಕ್ಕ ಇಡುವ ಮೈನ್ ಇರಬಹುದೆಂದು ಒಂದೊಂದು ಸಾಲಿಗೆ ಐದು ಸಲ ಹೋಗಬೇಕು. ಒಟ್ಟು 10 × 5 × 20 = 1000 ಕಿ.ಮೀ. ವೇಗ 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿ.ಮೀ. ಹಿಡಿದರೆ 67 ಗಂಟೆ. ಸಾಲಿನ ತುದಿಯಲ್ಲಿ ತಿರುಗುವ ಹೊತ್ತು ಬೇರೆ. ಮೂರು ಹಗಲು ಮೂರು ರಾತ್ರಿ ಒಂದೇ ವೇಗ, ಒಂದೇ ಗೆರೆ. ಎಲ್ಲೋ 20 ಮೀಟರ್ ಪಕ್ಕಕ್ಕೆ ಸರಿದರೆ, ಹೊಲದಲ್ಲಿ ಎಡೆ ತಪ್ಪಿದ ಪಟ್ಟಿಯಂತೆ ಅಷ್ಟು ಜಾಗ ಹಾಗೇ ಉಳಿಯುತ್ತದೆ.

ಇನ್ನೊಂದು ಲೆಕ್ಕ. ಒಂದು ಸಲ ಹೋದಾಗ ಮೈನ್ ಸಿಗುವ ಸಂಭವ 0.7 ಎಂದಿಟ್ಟುಕೊಂಡರೆ ಮೂರು ಸಲಕ್ಕೆ 1 − 0.3³ = 0.973. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಈ ಸೂತ್ರ ಪ್ರತಿ ಸಲವೂ ಸ್ವತಂತ್ರ ಎಂದು ನಂಬುತ್ತದೆ. ತಂತಿಯ ಆಳವೇ ತಪ್ಪಾಗಿದ್ದರೆ, ಕರೆಂಟಿನ ಮಿಡಿತವೇ ಆ ಮೈನಿಗೆ ಹೊಂದದಿದ್ದರೆ, ನೂರು ಸಲ ಹೋದರೂ ಸಿಗುವುದು ಸೊನ್ನೆ. ಆ ತಪ್ಪನ್ನು ಸೂತ್ರ ಹಿಡಿಯುವುದಿಲ್ಲ. ತಂತಿಯ ಬಿಗಿತ, ಬುರುಡೆ ತೇಲುವ ರೀತಿ ನೋಡಿಯೇ "ಏನೋ ಸರಿ ಇಲ್ಲ" ಎಂದು ಗುರುತಿಸುವ ಅನುಭವಿ ಹಿಡಿಯುತ್ತಾನೆ. ವರ್ಷವಿಡೀ ಅಭ್ಯಾಸ ಮಾಡಿಸುವುದು ಆ ಕಣ್ಣು ಬರಲಿ ಅಂತಲೇ.

ವರ್ಷದ ಉಳಿದ ಕೆಲಸ

ಯುದ್ಧ ಇಲ್ಲದಾಗಲೂ ಕೆಲಸ ಇದ್ದೇ ಇರುತ್ತದೆ. ಬಂದರಿನ ದಾರಿಯ ತಳದಲ್ಲಿ ಯಾವ ಬಂಡೆ, ಯಾವ ಹಳೇ ಡ್ರಮ್ಮು ಎಲ್ಲಿದೆ ಎಂದು ಸೋನಾರ್‌ನಿಂದ ನೋಡಿ ನಕ್ಷೆಗೆ ಏರಿಸುತ್ತಿರಬೇಕು. ನಿನ್ನೆ ಇಲ್ಲದ್ದು ಇಂದು ಕಂಡರೆ ಸಂಶಯ ಬರುವುದು ಆ ನಕ್ಷೆ ಇದ್ದರೆ ಮಾತ್ರ. ಕಾರವಾರದ ಬಗೆಯ ಹಡಗುಗಳಲ್ಲಿ 30 ಮಿ.ಮೀ. ಗನ್ನುಗಳೂ ಜಲಾಂತರ್ಗಾಮಿ ವಿರುದ್ಧದ ರಾಕೆಟ್ಟುಗಳೂ ಇದ್ದವು, ಕರಾವಳಿ ಗಸ್ತಿಗೂ ಬೆಂಗಾವಲಿಗೂ ಅವನ್ನು ಬಳಸುತ್ತಿದ್ದರು. ಕೊನೆಗೆ ರಿಪೇರಿ ಕಟ್ಟೆ. ಉಪ್ಪು ತಿಂದ ಪೈಪು, ಸವೆದ ವಿಂಚು, ನಿರೋಧಕತೆ ಇಳಿದ ಕೇಬಲ್ಲು ಎಲ್ಲ ಬಿಚ್ಚಿ ಕೂಡಿಸಬೇಕು. ಅಷ್ಟರಲ್ಲಿ ಒಂದಷ್ಟು ಜನ ವರ್ಗವಾಗಿ ಹೋಗಿರುತ್ತಾರೆ, ಹೊಸಬರು ಬಂದಿರುತ್ತಾರೆ. ಮತ್ತೆ ಮೊದಲಿನಿಂದ ಶುರು.

ಈಗ ಏನಾಗಿದೆ?

ಈ ಸಾಲಿನ ಕೊನೆಯ ಹಡಗು ಐಎನ್‌ಎಸ್ ಕೋಝಿಕ್ಕೋಡ್ 2019ರ ಏಪ್ರಿಲ್‌ನಲ್ಲಿ ನಿವೃತ್ತಿಯಾಯಿತು. ಅಲ್ಲಿಂದೀಚೆಗೆ ನಮ್ಮ ನೌಕಾಪಡೆಯಲ್ಲಿ ಒಂದೂ ಮೈನ್‌ಸ್ವೀಪರ್ ಇಲ್ಲ. ದಕ್ಷಿಣ ಕೊರಿಯಾದ ತಂತ್ರಜ್ಞಾನ ಪಡೆದು ಗೋವಾ ಶಿಪ್‌ಯಾರ್ಡ್‌ನಲ್ಲಿ 12 ಹಡಗು ಕಟ್ಟುವ ಯೋಜನೆಯನ್ನು ವರ್ಷಗಟ್ಟಲೆ ಮಾತುಕತೆಯ ನಂತರ 2018ರಲ್ಲಿ ಕೈಬಿಡಲಾಯಿತು. 2025ರ ಜುಲೈ 3ರಂದು ರಕ್ಷಣಾ ಖರೀದಿ ಮಂಡಳಿ ಮೈನ್ ನಿವಾರಕ ಹಡಗುಗಳಿಗೆ ಮತ್ತೆ ಒಪ್ಪಿಗೆ ಕೊಟ್ಟಿದೆ. ಅದು ಮೊದಲ ಮೆಟ್ಟಿಲು. ಒಪ್ಪಂದ, ವಿನ್ಯಾಸ, ನಿರ್ಮಾಣ, ಪರೀಕ್ಷೆ ಇನ್ನೂ ಮುಂದಿವೆ. ಮಲ್ಪೆ, ಮೂಲ್ಕಿ ಹೆಸರಿನ ಹೊಸ ಹಡಗುಗಳು 2024ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ನೀರಿಗಿಳಿದಿವೆ ನಿಜ, ಆದರೆ ಅವು ಜಲಾಂತರ್ಗಾಮಿ ಬೇಟೆಯ ಹಡಗುಗಳು. ಹಳೇ ಹೆಸರು ವಾಪಸ್ ಬಂತು, ಹಳೇ ಕೆಲಸ ಬರಲಿಲ್ಲ.

ಇನ್ನು ಮೈನ್ ತೆಗೆಯುವ ರೀತಿಯೂ ಬದಲಾಗುತ್ತಿದೆ. ಕುಂಟೆ ಎಳೆಯುವುದಕ್ಕಿಂತ ಸೋನಾರ್‌ನಿಂದ ಒಂದೊಂದೇ ಮೈನ್ ಹುಡುಕಿ, ನೀರೊಳಗಿನ ರೋಬೋ ಕಳಿಸಿ ನಾಶ ಮಾಡುವುದು ಹೆಚ್ಚುತ್ತಿದೆ. ವಿಶಾಖಪಟ್ಟಣದ ಎನ್‌ಎಸ್‌ಟಿಎಲ್ ಇದಕ್ಕಾಗಿಯೇ ಸ್ವಯಂಚಾಲಿತ ವಾಹನಗಳನ್ನು ಅಭಿವೃದ್ಧಿಪಡಿಸಿದೆ. ಫೈಬರ್ ಕಾಂಪೋಸಿಟ್ ಮೈ, ಸದ್ದಿಲ್ಲದ ಮೋಟಾರು, ಸೋನಾರ್ ಚಿತ್ರದಲ್ಲಿ ಬಂಡೆ ಯಾವುದು ಮೈನ್ ಯಾವುದು ಎಂದು ಬೇರೆ ಮಾಡುವ ಸಾಫ್ಟ್‌ವೇರ್: ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇಸಿ, ಸಿಎಸ್ ನಾಲ್ಕೂ ಬ್ರಾಂಚಿಗೆ ಕೆಲಸ ಇದೆ.

ಆದರೆ ಒಂದು ಮಾತು. 2019ರಲ್ಲಿ ಆ ಕೊನೆಯ ಹಡಗಿನ ಡೆಕ್ ಮೇಲೆ ಕೆಲಸ ಕಲಿತ ಹೊಸ ನಾವಿಕನಿಗೆ ಹದಿನೈದು ವರ್ಷದ ಸೇವೆ ಅಂತ ಹಿಡಿದರೂ 2034ಕ್ಕೆ ಅವನು ಮನೆಗೆ ಹೋಗುತ್ತಾನೆ. ಅವನಿಗೆ ಕಲಿಸಿದ ಹಿರಿಯರು ಅದಕ್ಕೂ ಮೊದಲೇ ಹೋಗಿರುತ್ತಾರೆ. ಅವರಿಗೆ ಗೊತ್ತಿದ್ದದ್ದು ಪೂರ್ತಿ ಮ್ಯಾನುಯಲ್‌ನಲ್ಲಿ ಬರೆದಿರುವುದಿಲ್ಲ. ಲ್ಯಾಬಿನಲ್ಲಿ ಹಳೇ ಅಟೆಂಡರ್ ನಿವೃತ್ತರಾದ ಮೇಲೆ ಒಂದು ಮಶೀನ್ ಚಾಲೂ ಆಗದೆ ನಿಂತದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೊಸ ಹಡಗು ಬರುವಷ್ಟರಲ್ಲಿ, ಅದನ್ನು ಕಟ್ಟುವ ಎಂಜಿನಿಯರ್ ಆ ಹಳಬರ ಜೊತೆ ಒಮ್ಮೆಯಾದರೂ ಕೂತು "ತಂತಿ ಸರಿಯಿಲ್ಲ ಅಂತ ನಿಮಗೆ ಹ್ಯಾಂಗ ಗೊತ್ತಾಗ್ತಿತ್ರೀ?" ಅಂತ ಕೇಳಿರಬೇಕು. ಆ ಎಂಜಿನಿಯರ್ ನಮ್ಮಲ್ಲೇ ಒಬ್ಬರಾಗಿರಬಹುದು.